ಗಿರಣಿ ತಂಡದ ಕೊನೆಯ ಪುಟ

ಎಲಿಕಾಟ್ ಸಿಟಿ, ಮೇರಿಲ್ಯಾಂಡ್
14 ನವೆಂಬರ್ 2021

ಪ್ರೀತಿಯ ನೀರಜಾ,

ಜಾನ್ಸ್ ಕ್ರೀಕಿನ ಮಹಾರಾಣಿಯವರು ಹೇಗಿದ್ದೀರಿ? ಎರಡು ತಿಂಗಳಿಂದ ನಿನಗೆ ಉತ್ತರ ಬರೆದಿಲ್ಲ, ತಪ್ಪಾಯಿತು. ಬೈಯುವುದಾದರೆ ಬೈಯಿ, ಆದರೆ ಮೊದಲು ಈ ಕವರಿನೊಳಗಿನ ಪುಸ್ತಕ ತೆಗೆದು ನೋಡು. ತಡವಾದದ್ದು ಅದರಿಂದಲೇ.

ಹೌದೇ, ನಮ್ಮ ಗಿರಣಿ ತಂಡದ ಇತಿಹಾಸ! ವೆರ್ಬಿನ್‌ಸ್ಕ್ ಎಂಬ ಊರು ಎಲ್ಲಿದೆ ಎಂದು ಉಕ್ರೇನಿನವರಿಗೇ ಸರಿಯಾಗಿ ಗೊತ್ತಿರಲಿಲ್ಲ, ನಾವಿಬ್ಬರು ಡಾಕ್ಟರಾಗುತ್ತೇವೆಂದು ಹೋಗಿ ಆರು ವರ್ಷ ಅಲ್ಲಿ ಗಡಗಡ ನಡುಗಿ ಬಂದೆವು. ಹಾಸ್ಟೆಲಿನ ಕಿಟಕಿ ತೆಗೆದರೆ ಎದುರಿಗೇ ಅವರ ಮೈದಾನ. 1961ರಲ್ಲಿ ಹಿಟ್ಟಿನ ಗಿರಣಿಯ ಕೆಲಸಗಾರರು ಕಟ್ಟಿದ ಫುಟ್‌ಬಾಲ್ ತಂಡ. ದೇಶ ಸ್ವತಂತ್ರವಾದ ಮೇಲೆ ಎಲ್ಲಕ್ಕಿಂತ ಕೆಳಗಿನ ಲೀಗಿಗೆ ಸೇರಿತು, ಅಲ್ಲೇ ಉಳಿಯಿತು. 1997ರಲ್ಲಿ ಒಂದೇ ಒಂದು ಸಲ ಮೂರನೇ ಸ್ಥಾನ ಬಂದಾಗ ನೀನು ಹಾಸ್ಟೆಲಿನ ಬಕೆಟ್ ಬಡಿದು ಒಡೆದು ಹಾಕಿದ್ದೂ ಇಪ್ಪತ್ತನೇ ಪುಟದಲ್ಲಿದೆ. 2003ರಲ್ಲಿ ಗಿರಣಿ ಮುಚ್ಚಿತು. ಕೊನೆಯ ಪಂದ್ಯ ನೋಡಲು ಬಂದದ್ದು ಒಂಬತ್ತೇ ಜನ. ಏಳು ಗೋಲಿನಿಂದ ಸೋತ ಮೇಲೆ ಗೋಲ್‌ಕೀಪರ್ ಬೊಹ್ದಾನ್ ಕೈಗವಸು ಬಿಚ್ಚಿ ಕಂಬಕ್ಕೆ ಕಟ್ಟಿ, ಹಿಂತಿರುಗಿ ನೋಡದೆ ಮನೆಗೆ ಹೋದನಂತೆ.

ಇದನ್ನೆಲ್ಲ ಹೇಳಿದವರು ಪೆತ್ರೊ ಅಂಕಲ್. ತಂಡದ ಅಂಗಿ ಒಗೆಯುವವರು, ಚೆಂಡಿಗೆ ಗಾಳಿ ತುಂಬುವವರು, ಬಸ್ಸು ಓಡಿಸುವವರು, ಎಲ್ಲ ಅವರೇ. ಗಿರಣಿಯ ಹಿಟ್ಟು ತಂದು ಕೊಟ್ಟು ನಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ನಿಲ್ಲುತ್ತಿದ್ದರಲ್ಲ! ನಿನಗೆ ಕಾಮಾಲೆಯಾದಾಗ ದಿನವೂ ಗಂಜಿ ಹೊತ್ತು ತಂದದ್ದೂ ಅವರೇ. ಎಂಬತ್ತು ದಾಟಿದೆ, ಈಗಲೂ ಬಟನ್ ಫೋನು. ವಾರಕ್ಕೊಮ್ಮೆ ಕರೆ ಮಾಡಿ ಒಬ್ಬೊಬ್ಬ ಆಟಗಾರನ ವಿಷಯ ಬರೆದುಕೊಂಡೆ.

ಕೊನೆಯ ಪುಟದ ವಿಷಯಕ್ಕೆ ನೀನು ಫೋನಿನಲ್ಲಿ ಜಗಳ ತೆಗೆದೆಯಲ್ಲ, "ಅಲ್ಲ ಕಣೇ ಸಿದ್ದಿ, ಮನೆ ನಂಬರ್ ಎಲ್ಲಾ ಯಾಕೆ ಹಾಕ್ತೀಯ?" ಅಂತ, ನಾನು ಕೇಳಲಿಲ್ಲ. ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಯನ್ನು ಮೂರು ವರ್ಷ ಎಡಿಟ್ ಮಾಡಿದವಳು ನಾನು. ಲೇಖನ ಯಾರೂ ಓದುವುದಿಲ್ಲ, ಎಲ್ಲರೂ ನೇರ ಡೈರೆಕ್ಟರಿಗೇ ಹೋಗುತ್ತಾರೆ. ಯಾರ ಮನೆ ಎಲ್ಲಿ, ಯಾರು ಯಾವ ಕೆಲಸದಲ್ಲಿದ್ದಾರೆ, ಫೋನ್ ಎಷ್ಟು. ಇಲ್ಲೂ ಹಾಗೇ ಹಾಕಿದ್ದೇನೆ. ಬೊಹ್ದಾನ್ ಸೈನ್ಯದಿಂದ ನಿವೃತ್ತ, ಇವಾನ್ ಊರ ಕೌನ್ಸಿಲಿನಲ್ಲಿದ್ದಾನೆ, ಸ್ತೆಪಾನ್ 2014ರಲ್ಲಿ ಪೂರ್ವ ಗಡಿಯಲ್ಲಿ ರಷ್ಯದವರ ವಿರುದ್ಧ ಯುದ್ಧ ಮಾಡಿ ಬಂದವನು. ನಾಲ್ಕು ಮೂಲೆಗೂ ಕೂಟದ ಸಂಚಿಕೆಯದೇ ಎಂಟು ದಳದ ರಂಗೋಲಿ ಹೂವಿನ ಅಂಚು. ಉಕ್ರೇನಿಯನ್ ಭಾಷೆಯಲ್ಲೂ ಮಾಡಿ, ಮಗಳು ಶ್ರಾವಣಿಯ ಕೈಲಿ ಆನ್‌ಲೈನ್ ಹಾಕಿಸಿದೆ. ಅವಳೂ ನಿನ್ನ ಪಾರ್ಟಿ. "ಅಮ್ಮಾ, ದಿಸ್ ಈಸ್ ಎ ಬ್ಯಾಡ್ ಐಡಿಯಾ" ಎಂದು ಮೂತಿ ತಿರುವಿದಳು. "ಡೈರೆಕ್ಟರಿ ಇಲ್ಲದ ಸಂಚಿಕಿ ಎಂಥಾದ್ದ? ಹಾಕ ಸುಮ್ನ" ಎಂದೆ.

ಪೆತ್ರೊ ಅಂಕಲ್‌ಗೆ ಪ್ರಿಂಟ್ ಪ್ರತಿ ಪೋಸ್ಟ್ ಮಾಡಿದ್ದೇನೆ. ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ನಿನ್ನ ಹೆಸರಿನಲ್ಲೂ ಅರ್ಚನೆ ಮಾಡಿಸಿದೆ. ಎಲ್ಲರೂ ಚೆನ್ನಾಗಿರಿ.

ನಿನ್ನ,
ಸಿದ್ದೇಶ್ವರಿ

ತಾ.ಕ.: ಹಳೆಯ ಕ್ಲಬ್ಬುಗಳ ಇತಿಹಾಸ ಸಂಗ್ರಹಿಸುವ ಹವ್ಯಾಸವಂತೆ, ಯಾರೋ ಒಬ್ಬ ಮೇಲ್ ಮಾಡಿದ್ದ. ಗೋಲು, ಪಂದ್ಯ ಏನೂ ಕೇಳಲಿಲ್ಲ. ಕೊನೆಯ ಪುಟದಲ್ಲಿ ನಾಲ್ವರ ಮನೆ ನಂಬರು ಬಿಟ್ಟುಹೋಗಿದೆ, ಇದ್ದರೆ ಕಳಿಸಿ ಎಂದಿದ್ದ. ಎಷ್ಟು ಮನಸ್ಸಿಟ್ಟು ಓದಿದ್ದಾನೆ ನೋಡು! ಕಳಿಸಿದೆ.


ಎಲಿಕಾಟ್ ಸಿಟಿ
27 ಮಾರ್ಚ್ 2022

ನೀರಜಾ,

ನೀನು ಫೋನು ಎತ್ತುವುದಿಲ್ಲ. ಆಯಿತು, ಎತ್ತಬೇಡ. ಕಾಗದವನ್ನಾದರೂ ಓದು.

ಯುದ್ಧ ಶುರುವಾದ ದಿನವೇ ನೀನು ಫೋನಿನಲ್ಲಿ ಕಿರುಚಿದೆ: "ಆ ಪೇಜ್ ತೆಗೆಸೇ, ಈಗಲೇ ತೆಗೆಸು!" ನಿನಗೆ ತಲೆ ಕೆಟ್ಟಿದೆ ಎಂದೆ. ಸತ್ತುಹೋದ ಕ್ಲಬ್ಬಿನ ಪುಸ್ತಕ ಯಾರಿಗೆ ಬೇಕು ಎಂದೆ. ಆಮೇಲೆ ತೆಗೆಸಿದೆ, ಐದು ದಿನ ತಡವಾಗಿ. ಅಷ್ಟರಲ್ಲಿ ಊರು ರಷ್ಯನ್ನರ ಕೈಗೆ ಹೋಗಿತ್ತು.

ಪೋಲೆಂಡಿಗೆ ದಾಟಿದ ಆಂದ್ರಿ, ನಮ್ಮ ಲೆಫ್ಟ್ ವಿಂಗ್, ಮೆಸೇಜು ಮಾಡಿದ್ದಾನೆ. ಬೊಹ್ದಾನನನ್ನು ಮನೆಯಿಂದ ಕರೆದುಕೊಂಡು ಹೋದರಂತೆ. ಎರಡು ದಿನ ಬಿಟ್ಟು ಇವಾನ್. ಅದರ ಮರುದಿನ ಸ್ತೆಪಾನ್. ಯಾರೂ ವಾಪಸು ಬಂದಿಲ್ಲ. ಪುಸ್ತಕ ತೆಗೆದು ನೋಡಿದೆ. ಬೊಹ್ದಾನ್, ಇವಾನ್, ಸ್ತೆಪಾನ್. ಅದೇ ಸಾಲು.

ಆದರೆ ನೀನೇ ಯೋಚನೆ ಮಾಡು. ಸೈನ್ಯದಲ್ಲಿದ್ದವರು, ಕೌನ್ಸಿಲಿನವರು. ಅವರ ಹೆಸರು ಊರಿನ ಕಚೇರಿಯಲ್ಲೇ ಸಿಗುವುದಿಲ್ಲವೇ? ಅಕ್ಕಪಕ್ಕದವರು ಹೇಳಿರಬಹುದಲ್ಲ? ನನ್ನೊಬ್ಬಳ ಪುಸ್ತಕದಿಂದಲೇ ಎಂದು ನೀನು ಹೇಗೆ ಹೇಳುತ್ತೀ? ನಾನು ದಿನಕ್ಕೆ ಇಪ್ಪತ್ತು ಮಕ್ಕಳನ್ನು ನೋಡುವ ಡಾಕ್ಟರು, ಯಾರಿಗೂ ಕೇಡು ಬಯಸಿದವಳಲ್ಲ. ನಿನಗೆ ಮೊದಲಿಂದಲೂ ನನ್ನನ್ನು ತಪ್ಪಿನಲ್ಲಿ ಸಿಕ್ಕಿಸುವುದೆಂದರೆ ಇಷ್ಟ.

ಆ ಹವ್ಯಾಸದವನಿಗೆ ಮೇಲ್ ಮಾಡಿದೆ, ಯಾರಪ್ಪಾ ನೀನು ಎಂದು. ಆ ವಿಳಾಸವೇ ಇಲ್ಲವಂತೆ, ವಾಪಸು ಬಂತು.

ಪೆತ್ರೊ ಅಂಕಲ್ ಫೋನು ಎತ್ತುತ್ತಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲ ಎಂದು ಕಾಣುತ್ತದೆ. ಅಂಗಿ ಒಗೆಯುವ ಮುದುಕನನ್ನು ಯಾರು ಏನು ಮಾಡುತ್ತಾರೆ ಹೇಳು.

ಸಿದ್ದೇಶ್ವರಿ


ಎಲಿಕಾಟ್ ಸಿಟಿ
6 ನವೆಂಬರ್ 2022

ನನ್ನ ನೀರಜಾ,

ಏಳು ತಿಂಗಳಾಯಿತು. ತಡಕ್ಕೆ ಕ್ಷಮೆ ಕೇಳುವ ಮುಖವೂ ನನಗಿಲ್ಲ. ಜಗಳ ಬೇಡ, ನನ್ನಲ್ಲಿ ಅದಕ್ಕೆ ಶಕ್ತಿಯೂ ಇಲ್ಲ. ನಿನ್ನನ್ನು ಬಿಟ್ಟರೆ ಇದನ್ನು ಹೇಳಿಕೊಳ್ಳಲು ನನಗೆ ಯಾರಿದ್ದಾರೆ?

ಹೋದ ಶನಿವಾರ ಶಾರ್ಲೆಟ್‌ಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಪೆತ್ರೊ ಅಂಕಲ್ ಮಗಳು ಒಕ್ಸಾನಾ, ನಮ್ಮ ರೊಟ್ಟಿ ಕದ್ದು ತಿನ್ನುತ್ತಿದ್ದ ಎರಡು ಜಡೆಯ ಹುಡುಗಿ, ಈಗ ಅಲ್ಲಿದ್ದಾಳೆ. ಒಂದು ಚರ್ಚಿನವರು ಕರೆಸಿಕೊಂಡಿದ್ದಾರೆ. ನನ್ನ ನಂಬರು ಆಂದ್ರಿಯಿಂದ ಸಿಕ್ಕಿತಂತೆ. ಬಾಗಿಲು ತೆಗೆದವಳೇ ತಬ್ಬಿಕೊಂಡು "ಸಿದ್ದಿ ಅಕ್ಕಾ" ಎಂದಳು, ಕನ್ನಡದಲ್ಲೇ. ನಾವು ಕಲಿಸಿದ ಆ ಒಂದು ಮಾತನ್ನು ಮರೆತಿಲ್ಲ.

ಟೀ ಕೊಟ್ಟು ತಾನಾಗಿಯೇ ಹೇಳಿದಳು. ಊರು ಹಿಡಿದ ಮೂರನೆಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ ನಾಲ್ವರು ರಷ್ಯನ್ ಸೈನಿಕರು ಬಂದರು. ಬೇರೆ ಯಾರ ಮನೆಗೂ ಹೋಗುವ ಮೊದಲು ಇವರ ಮನೆಗೇ ಬಂದರು. ಕೈಯಲ್ಲೊಂದು ಹಾಳೆ. "ಇವರಿಗೆಲ್ಲಾ ನೀನೇ ನಾಯಕನಾ?" ಎಂದು ಕೇಳಿದರು.

"ಅಪ್ಪ ನಕ್ಕುಬಿಟ್ರು ಅಕ್ಕಾ. ನಾನು ಇವರ ಅಂಗಿ ಒಗೆಯೋನು ಅಂದ್ರು. ಅವರು ನಂಬಲಿಲ್ಲ. ಚಪ್ಪಲಿಯಲ್ಲೇ ಕರ್ಕೊಂಡು ಹೋದ್ರು. ಕೋಟು ತಂದುಕೊಡ್ತೀನಿ ಅಂದೆ, ಬೇಡ, ಬೇಗ ಬಿಡ್ತೀವಿ ಅಂದ್ರು."

ಇನ್ನೂ ಬಿಟ್ಟಿಲ್ಲ. ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಎಂಥ ಹಾಳೆ ಅದು ಎಂದು ಕೇಳಿದೆ, ನೀರಜಾ. ಕೇಳದೆ ಎದ್ದು ಬರಬಹುದಿತ್ತು. ಅವಳು ಟಿಶ್ಯೂ ಪೇಪರ್ ತೆಗೆದುಕೊಂಡು, "ಅಕ್ಷರ ಕಾಣಿಸಲಿಲ್ಲ, ಬಣ್ಣದ ಪ್ರಿಂಟು, ಮೂಲೆಯಲ್ಲಿ ಹೀಗೊಂದು ಹೂವಿತ್ತು" ಎಂದು ಪೆನ್ನಿನಲ್ಲಿ ಬರೆದು ತೋರಿಸಿದಳು. ಎಂಟು ದಳ, ದಳದ ನಡುವೆ ಚುಕ್ಕಿ. "ಚಂದ ಇತ್ತು. ಅಂಥವರ ಕೈಲಿ ಅಷ್ಟು ಚಂದದ ಹಾಳೆ ಯಾಕೆ ಅಂತ ಆವತ್ತು ಅನ್ನಿಸ್ತು" ಎಂದಳು.

ಆ ಟಿಶ್ಯೂ ನನ್ನ ಪರ್ಸಿನಲ್ಲಿದೆ. ಅವಳೆದುರೇ ಕೂತು ಟೀ ಕುಡಿದೆ. ಬಿಸ್ಕತ್ತು ಬೇರೆ ತಿಂದೆ, ಥೂ ನನ್ನ ಜನ್ಮಕ್ಕೆ!

ಹೊರಡುವಾಗ ಕೈ ಹಿಡಿದು ಕೇಳಿದಳು. ಮನೆ ಸುಟ್ಟುಹೋಗಿದೆ, ಅಪ್ಪನ ಒಂದು ಫೋಟೊವೂ ಉಳಿದಿಲ್ಲ. "ನೀವು ಯಾವುದೋ ಪುಸ್ತಕ ಮಾಡ್ತಿದ್ರಂತೆ, ಅಪ್ಪ ದಿನಾ ಪೋಸ್ಟ್ ಡಬ್ಬಿ ತೆಗೆದು ನೋಡ್ತಿದ್ರು. ಬರಲೇ ಇಲ್ಲ. ಅದರಲ್ಲಿ ಅವರ ಫೋಟೊ ಇದ್ಯಾ?" ಇದೆ, ಚೆಂಡು ಹಿಡಿದು ನಗುತ್ತಿರುವುದು. ಹುಡುಕಿ ನೋಡುತ್ತೇನೆ ಎಂದು ಸುಳ್ಳು ಹೇಳಿ ಬಂದೆ.

ಫೋಟೊ ಒಂದನ್ನೇ ಕತ್ತರಿಸಿ ಕಳಿಸಬಹುದು. ಆದರೆ ಅವಳು ಕೇಳಿದ್ದು ಪುಸ್ತಕ. ಪುಸ್ತಕ ಕೊಟ್ಟರೆ ಅಂಚು ನೋಡುತ್ತಾಳೆ, ಕೊಡದಿದ್ದರೆ ಅಕ್ಕಾ ಎಂದೇ ಕರೆಯುತ್ತಿರುತ್ತಾಳೆ. ಯಾವುದನ್ನು ತಡೆದುಕೊಳ್ಳಲಿ, ನೀನೇ ಹೇಳು.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವಳು ಒಬ್ಬಳೇ ಇರುತ್ತಾಳೆ. ನಿನಗೆ ಅಲ್ಲಿಂದ ನಾಲ್ಕು ಗಂಟೆ ದಾರಿ. ಬರುತ್ತೀಯಾ? ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ,
ಸಿದ್ದಿ

ತಾ.ಕ.: ಒಂದು ವಿಷಯ ನಿನಗೂ ಹೇಳಿಲ್ಲ. ಎಲ್ಲರ ವಿಳಾಸ ಕೊಟ್ಟ ಪೆತ್ರೊ ಅಂಕಲ್ ತಮ್ಮದನ್ನು ಮಾತ್ರ ಕೊಡಲಿಲ್ಲ. "ನಂದು ಬೇಡ ಮಗಳೇ, ನಾನು ಆಟಗಾರ ಅಲ್ಲ" ಎಂದಿದ್ದರು, ಎರಡು ಸಲ. ಸಂಕೋಚ ಎಂದುಕೊಂಡೆ. ಅವರ ಮನೆ ನಂಬರು ನನಗೆ ಬಾಯಿಪಾಠವಿತ್ತಲ್ಲ, ರೊಟ್ಟಿ ಕೊಡಲು ಅಷ್ಟು ಸಲ ಹೋಗಿದ್ದೆವು. ನಾನೇ ಬರೆದೆ. ಅಕ್ಷರದ ಸಾಲಿನಲ್ಲಿ ಹಾಕಿದ್ದರೆ ಎಲ್ಲೋ ನಡುವೆ ಬರುತ್ತಿದ್ದರು. ಹಿರಿಯರ ಹೆಸರು ಕೆಳಗೆ ಇರಬಾರದೆಂದು ಎಲ್ಲರಿಗಿಂತ ಮೇಲೆ ಹಾಕಿದೆ.