ಉತ್ತರದ ಕೋಣೆಗೆ ಬಿಸಿಲು

ಜನವರಿ 9, ಬೆಳಿಗ್ಗೆ

…ಆದರೂ ಸಬೊಹತ್ ನಿನ್ನೆ ಹಾಗೆ ಹೇಳಬಾರದಿತ್ತು. ಗೋಡೆಗೆ ಮುಖ ಮಾಡಿಕೊಂಡೇ, "ನವ್‌ರೋಜ್ ಹಬ್ಬದವರೆಗೆ ನಾನಿರಲ್ಲ ಬಿಡಿ" ಅಂದಳು. ಓಣಿಯಾಚೆ ಮನೆಯವಳು, ತೀರಿಹೋದ ನನ್ನ ಹೆಂಡತಿ ಜುಲೈಹೊಳ ಗೆಳತಿ. ಜುಲೈಹೊಳಿಗೆ ಕೊನೆಯ ಸ್ನಾನ ಮಾಡಿಸಿದವಳು. ಸೊಂಟ ಮುರಿದು ಮಲಗಿ ತಿಂಗಳಾಯಿತು. ಉತ್ತರದ ಕೋಣೆ, ಮಾರ್ಚ್‌ನ ನವ್‌ರೋಜ್‌ವರೆಗೆ ಬಿಸಿಲಿಲ್ಲ. ಅವಳ ಸೊಸೆ ಓಯ್ದಿನ್ ಕೊಟ್ಟ ಸಾರು ಬಟ್ಟಲಲ್ಲೇ ಆರುತ್ತದೆ.

ಮೂವತ್ತೊಂದು ವರ್ಷ ಬೆಟ್ಟದ ಮೇಲಿನ ಸೂರ್ಯಕುಲುಮೆಯಲ್ಲಿ ಕನ್ನಡಿ ತಿರುಗಿಸಿದವನು ನಾನು. ಬಿಸಿಲಲ್ಲೇ ಕಬ್ಬಿಣ ಕರಗಿಸಿದ್ದೇನೆ. ಒಂದು ಕೋಣೆಗೆ ಬಿಸಿಲು ಕಳಿಸಲಾರೆನೇ?

ಇರುವ ದೊಡ್ಡ ಕನ್ನಡಿ ಒಂದೇ — ಜುಲೈಹೊಳದ್ದು. ಸಾವಾದ ಮನೆಯಲ್ಲಿ ಕನ್ನಡಿಗೆ ಬಟ್ಟೆ ಹೊದಿಸುತ್ತಾರೆ, ನಲವತ್ತು ದಿನಕ್ಕೆ ತೆಗೆಯುತ್ತಾರೆ. ನಾನು ತೆಗೆದಿಲ್ಲ. ಇದು ಎರಡನೇ ಚಳಿಗಾಲ.

ಸಂಜೆ

ತೆಗೆಯಲಿಲ್ಲ.

ಜನವರಿ 14

ತೆಗೆದೆ. ಕಣ್ಣು ಮುಚ್ಚಿಕೊಂಡೇ ಅಂಗಳಕ್ಕೆ ಹೊತ್ತೆ, ಹೊಸ್ತಿಲು ಎಡವಿದೆ.

ಬೆಳಕಿನ ಪತನ ಕೋನಕ್ಕೆ ಸಮನಾದದ್ದು… ಮುಂದಿನ ಪದ ತಾಷ್ಕೆಂಟಿನ ಕಾಲೇಜಿನಲ್ಲೇ ಉಳಿಯಿತು. ದಾರ ಕಟ್ಟಿ, ಕೋನಮಾಪಕ ಹಿಡಿದು ನೋಡಿದೆ. ಈಗ ಬೀಳುವಲ್ಲಿಂದ ಕಿರಣ ಇಪ್ಪತ್ತೆರಡು ಡಿಗ್ರಿ ಎಡಕ್ಕೆ ಹೋಗಬೇಕು. ಕನ್ನಡಿಯನ್ನು ಇಪ್ಪತ್ತೆರಡು ತಿರುಗಿಸಿದೆ. ಬಿಸಿಲು ಕಿಟಕಿ ಬಿಟ್ಟು ಆಚೆ, ಅವರ ಅಂಗಳದ ಆಕಳ ಮುಖಕ್ಕೆ ಬಿತ್ತು. ಓಯ್ದಿನ್ ಗೋಡೆಯ ಮೇಲಿಂದ ಇಣುಕಿ, "ಚಿಕ್ಕಪ್ಪಾ, ಆಕಳಿಗೂ ಸೊಂಟ ನೋವಾ?"

ಮೂರು ಸಲ ಅಳೆದೆ. ಮೂರು ಸಲವೂ ಆಕಳೇ.

ಬಿಸಿಲು ಇಳಿದ ಮೇಲೆ ಹೊಳೆಯಿತು. ಕನ್ನಡಿ ಒಂದು ತಿರುಗಿದರೆ ಕಿರಣ ಎರಡು ತಿರುಗುತ್ತದೆ. ಕುಲುಮೆಯ ಡಯಲ್ ಆ ಅರ್ಧವನ್ನು ತಾನೇ ಮಾಡಿಕೊಳ್ಳುತ್ತಿತ್ತು, ಕಿರಣದ ಅಂಕಿ ಇಟ್ಟರೆ ಸಾಕಿತ್ತು. ಜುಲೈಹೊ ಇರುವಾಗ ಮನೆಯಲ್ಲೂ ಹಾಗೇ. ಉಪ್ಪೆಷ್ಟು, ಸೌದೆಯೆಷ್ಟು… ಕೇಳುವ ಮೊದಲೇ ಆಗಿರುತ್ತಿತ್ತು.

ಜನವರಿ 19

ನಾಲ್ಕು ದಿನ ಮೋಡ. ಆಚೆ ಮನೆಯಲ್ಲಿ ಸಬೊಹತ್‌ಳ ಊಟ ಪೂರಾ ಬಂದ್, ನೀರು ಮಾತ್ರ.

ಇಂದು ಬಿಸಿಲು ಬಂತು. ಹನ್ನೊಂದು ಡಿಗ್ರಿ. ನೇರ ಕಿಟಕಿಗೆ.

ಸೂರ್ಯ ನಿಲ್ಲುವುದಿಲ್ಲವಲ್ಲ, ಐದು ನಿಮಿಷಕ್ಕೊಮ್ಮೆ ಒಂಚೂರು ತಿರುಗಿಸುತ್ತ ಪಕ್ಕದಲ್ಲೇ ಕೂತೆ. ಇಷ್ಟು ದಿನ ಅದರಲ್ಲಿ ನನ್ನ ಒಂಟಿ ಮುಖ ನೋಡಲು ಹೆದರಿದ್ದು ದಂಡ. ಕೂತಲ್ಲಿಂದ ಕನ್ನಡಿಯಲ್ಲಿ ನಾನು ಕಾಣುವುದೇ ಇಲ್ಲ, ಬರೀ ಪಾಪ್ಲರ್ ಮರದ ತುದಿ.

ಮಧ್ಯಾಹ್ನ ಓಯ್ದಿನ್ ಬಿಸಿ ರೊಟ್ಟಿ ತಂದಳು. ಅತ್ತೆ ಈ ಕಡೆ ಹೊರಳಿದರಂತೆ. ಬಟ್ಟಲು ಸಾರು ಕುಡಿದರಂತೆ.

"ಜುಲೈಹೊ ಕನ್ನಡಿ ತಾನೇ ಅಂತ ಕೇಳಿದ್ರು. ಹೂಂ ಅಂದೆ. ಆಮೇಲೆ, ನಾಳೆನೂ ಕಳಿಸೋಕೆ ಹೇಳು, ನಾಳೆ ಇರ್ತೀನಿ ಅಂದ್ರು."

ರೊಟ್ಟಿ ತಿನ್ನಲು ತಡವಾಯಿತು. ಕನ್ನಡಿ ತಿರುಗಿಸುವ ಹೊತ್ತಾಗಿತ್ತು.

ಅಂಗಳದಲ್ಲೇ ಬರೆಯುತ್ತಿದ್ದೇನೆ. ಸಬೊಹತ್‌ಳ ಕಿಟಕಿಯ ಮೇಲಿನ ಬಿಸಿಲ ಚೌಕ ಕೆಂಪಾಗಿ ಮೇಲೇರುತ್ತಿದೆ, ಇನ್ನೊಮ್ಮೆ ತಿರುಗಿಸಬೇಕು. ಆಮೇಲೆ ಕನ್ನಡಿ ಒಳಗೆ ಒಯ್ಯಬೇಕು. ಈ ಸಲ ಕಣ್ಣು ಬಿಟ್ಟುಕೊಂಡೇ, ಹೊಸ್ತಿಲಿದೆ. ಬಟ್ಟೆ ಮಡಿಸಿ ಎಲ್ಲಿ ಇಡುವುದೋ, ಜುಲೈಹೊ ಇದ್ದಿದ್ದರೆ… ಬೆಳಕು ಹೋಗುತ್ತಿದೆ, ಈ ಸಾಲೇ ಸರಿಯಾಗಿ ಕಾಣು…