ಇಸ್ತ್ರಿಯಾದ ಸಾಕ್ಷಿ

ಮನೆ, ಮಹಡಿಯ ಕೋಣೆ
ಮಾರ್ಚ್ ೩, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ಯಾವುದೋ ಪಂಪಿನ ಹೊಟ್ಟೆ ಬಿಚ್ಚಿಕೊಂಡು ಕೂತು ನಿನ್ನ ಹೊಟ್ಟೆಯನ್ನು ಮರೆಯುತ್ತಿದ್ದೀಯಾ? ಆ ಕೆಮ್ಮು ಹೋಯಿತೇ? ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟಿದ್ದೆ, ಆದರೆ ಬರೆಯುವ ಹಾಗಿಲ್ಲ. ನಮ್ಮ ವಕೀಲರಮ್ಮ ಆ ಪದವನ್ನು ನನಗೆ ನಿಷೇಧಿಸಿದ್ದಾರೆ. ಯಾಕೆಂದು ಮುಂದೆ ಹೇಳುತ್ತೇನೆ. ಅಪ್ಪ ಕ್ಷೇಮ, ನಿನ್ನ ಭಾವನೂ ಕ್ಷೇಮ, ಅವರ ಮೇಲೆ ನಿಷೇಧವಿಲ್ಲ. ನಾನು ಮಾತ್ರ ಕಾನೂನಿನ ಪ್ರಕಾರ ‘ಚಿಕಿತ್ಸೆಯಲ್ಲಿದ್ದೇನೆ’.

ಅಕ್ಷರ ನೋಡಿ ಯಾವುದೋ ಮಗು ಬರೆದಿದೆ ಅಂದುಕೊಳ್ಳಬೇಡ. ಕಾಗೆ ಕಾಲು ಗುಬ್ಬಿ ಕಾಲು ಆದರೂ ಇದು ನನ್ನ ಬಲಗೈಯ ಬರಹವೇ. ಬೆರಳು ಮಡಚಿಕೊಂಡು ಅಂಟದಿರಲಿ ಎಂದು ಆಸ್ಪತ್ರೆಯ ವ್ಯಾಯಾಮದವರು ದಿನಕ್ಕೊಂದು ಪುಟ ಬರೆಯಲು ಹೇಳಿದ್ದಾರೆ. ಹಾಗಾಗಿ ಅಕ್ಕನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಬೀಗಬೇಡ, ಇದು ವ್ಯಾಯಾಮ. ನಿನ್ನ ವಿಳಾಸ ಕೊಟ್ಟಿದ್ದು ಲಾಂಡ್ರಿಯ ವ್ಯಾನ್ ಡ್ರೈವರಣ್ಣ. ಬಂದರಿನ ಹತ್ತಿರ ಪಂಪ್ ರಿಪೇರಿ ಅಂಗಡಿಯಲ್ಲಿ ನಿನ್ನನ್ನು ಕಂಡನಂತೆ, ನೀನು ಅವನನ್ನು ಕಂಡು ಪಂಪಿನ ಹಿಂದೆ ಅಡಗಿದೆಯಂತೆ. ನಿನ್ನ ಎತ್ತರಕ್ಕೆ ಪಂಪಿನ ಹಿಂದೆ ಅಡಗಿದರೆ ಮೇಲೆ ಅರ್ಧ ಮನುಷ್ಯ ಉಳಿಯುತ್ತಾನೆ ಎನ್ನುವುದು ನಿನಗೆ ತಿಳಿಯಬೇಡವೇ? ಡ್ರೈವರಣ್ಣ ಆ ಉಳಿದ ಅರ್ಧವನ್ನು ನೋಡಿಯೇ ವಿಳಾಸ ಬರೆದುಕೊಂಡು ಬಂದ.

ಕೋರ್ಟಿನಲ್ಲಿ ಏನು ಹೇಳಬೇಕೆಂದು ವಕೀಲರಮ್ಮ ನನಗೆ ಕಂಠಪಾಠ ಮಾಡಿಸುತ್ತಿದ್ದಾರೆ. ನಿನಗೂ ಒಮ್ಮೆ ಒಪ್ಪಿಸುತ್ತೇನೆ, ಕೇಳು. ಊರಿನ ಹೋಟೆಲುಗಳ ಚಾದರ, ಟವೆಲು ಎಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ. ಹಬೆ ಇಸ್ತ್ರಿ ಯಂತ್ರದ ಮುಂದೆ ನಾನು, ಯಂತ್ರಗಳ ರಿಪೇರಿಗೆ ನನ್ನ ತಮ್ಮ. ಹಬೆ ಅತಿಯಾದಾಗ ತಾನೇ ತೆರೆದು ಹೊರಬಿಡಬೇಕಾದ ವಾಲ್ವ್ ಸುಮ್ಮಸುಮ್ಮನೆ ಬುಸುಗುಡಲು ಶುರುಮಾಡಿತ್ತು. ಹೊಸದು ಹಾಕಬೇಕು ಎಂದ ನನ್ನ ತಮ್ಮ. ಹಾಕಬೇಕಾದರೆ ಯಂತ್ರ ನಿಲ್ಲಬೇಕು, ಯಂತ್ರ ನಿಂತರೆ ಸಂಜೆಯ ಲೋಡು ಹೋಗುವುದಿಲ್ಲ, ಸದ್ಯಕ್ಕೆ ವಾಲ್ವ್ ತೆರೆಯದಂತೆ ತಂತಿ ಬಿಗಿ ಎಂದರು ಮ್ಯಾನೇಜರು. ಕಟ್ಟಬಾರದು ಎಂದ ಅವನು. ಕಟ್ಟು, ಇಲ್ಲದಿದ್ದರೆ ಕಟ್ಟುವವನನ್ನು ಕರೆಸುತ್ತೇನೆ ಎಂದರು ಅವರು. ಅವನು ಕಟ್ಟಿದ. ಹಬೆಗೆ ಹೊರಬರಲು ದಾರಿ ಇಲ್ಲದೆ ಮಾರನೆಯ ದಿನ ಹಳೆಯ ಪೈಪು ಸಿಡಿಯಿತು. ನನ್ನ ಬಲಗೆನ್ನೆ, ಕುತ್ತಿಗೆ, ಬಲತೋಳು ಮತ್ತು ಕೈ ಬೆಂದವು. ಇಷ್ಟನ್ನೂ ಅಳದೆ, ತಮಾಷೆಯನ್ನೂ ಮಾಡದೆ ಹೇಳಬೇಕಂತೆ. ಅಳದೆ ಹೇಳುವುದನ್ನು ಕಲಿತಿದ್ದೇನೆ. ಇನ್ನೊಂದು ಇನ್ನೂ ಬಂದಿಲ್ಲ.

ನೀನು ಆಸ್ಪತ್ರೆಗೆ ಬಂದಿದ್ದು ನನಗೆ ಗೊತ್ತು. ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ, ಕೈಯಲ್ಲಿ ಟೋಪಿ ಹಿಂಡುತ್ತಿದ್ದೆ. ನನ್ನ ಮುಖಕ್ಕೆಲ್ಲ ಬ್ಯಾಂಡೇಜು, ತೆರೆದಿದ್ದು ಒಂದೇ ಕಣ್ಣು, ಆ ಒಂದು ಕಣ್ಣಿಗೆ ಚೆನ್ನಾಗಿಯೇ ಕಂಡೆ. ಕರೆಯಬೇಕೆಂದರೆ ತುಟಿ ಅಲುಗುವಂತಿರಲಿಲ್ಲ. ನೀನು ಹೋಗಿಬಿಟ್ಟೆ. ಅಂದು ನನಗೆ ಸುಟ್ಟ ನೋವಿಗಿಂತ ಅದೇ ಹೆಚ್ಚು ನೋಯಿತು. ನೋಡು, ತಮಾಷೆ ಇಲ್ಲದೆ ಒಂದು ಮಾತು ಹೇಳಿದೆ, ವಕೀಲರಮ್ಮ ಕೇಳಿದ್ದರೆ ಭೇಷ್ ಅನ್ನುತ್ತಿದ್ದರು.

ಆಮೇಲೆ ತೊಡೆಯ ಚರ್ಮ ತೆಗೆದು ಕೆನ್ನೆಗೂ ಕುತ್ತಿಗೆಗೂ ಹೊಂದಿಸಿದರು. ತೇಪೆ ಹಾಕುವುದೆಂದರೆ ಲಾಂಡ್ರಿಯಲ್ಲೇ ಬದುಕಿದ ನಮ್ಮ ಮನೆತನಕ್ಕೆ ಹೊಸದೇ? ಅಪ್ಪ ಬಂದು ಭೂತಗನ್ನಡಿ ಹಿಡಿದು ನೋಡಿ, ಅಂಚು ಚೆನ್ನಾಗಿ ಕೂಡಿದೆ ಎಂದು ಸರ್ಜನ್ನರಿಗೆ ಸರ್ಟಿಫಿಕೇಟು ಕೊಟ್ಟು ಹೋದರು. ಈಗ ಯಾರಾದರೂ ಅಯ್ಯೋ ಪಾಪ ಎಂದು ಕೆನ್ನೆ ಸವರಿದರೆ, ನೀವು ಸವರುತ್ತಿರುವುದು ನನ್ನ ತೊಡೆಯನ್ನು ಎಂದು ಹೇಳಬೇಕೋ ಬಿಡಬೇಕೋ ತಿಳಿಯದೆ ಸುಮ್ಮನಿರುತ್ತೇನೆ. ನೋವಿಗಿಂತ ತುರಿಕೆ ದೊಡ್ಡ ಶತ್ರು. ಕೆರೆಯುವಂತಿಲ್ಲ, ತಟ್ಟಬಹುದು ಅಷ್ಟೇ. ಇಡೀ ದಿನ ನನ್ನ ಕೆನ್ನೆಗೆ ನಾನೇ ತಟ್ಟಿಕೊಳ್ಳುತ್ತಾ ಕೂತಿರುವುದನ್ನು ನೋಡಿದವರು, ಪಾಪ, ಯಾವ ತಪ್ಪಿಗೋ ಎಂದುಕೊಂಡು ಹೋಗುತ್ತಾರೆ. ಬಾಯಿ ಅಗಲವಾಗಿ ತೆರೆಯುವ ವ್ಯಾಯಾಮವೂ ಇದೆ. ಮದುವೆಯಾದಾಗಿನಿಂದ ಬಿಡುವಿಲ್ಲದೆ ಮಾಡಿದ ವ್ಯಾಯಾಮ ಅದೊಂದೇ ಎಂದು ನಿನ್ನ ಭಾವ ಅಂದರು. ಅಂದ ಮೇಲೆ ದಿನಾ ನನ್ನ ಎದುರು ಕೂತು, ನಾನು ತೆರೆದಷ್ಟು ತಾವೂ ಬಾಯಿ ತೆರೆಯುತ್ತಾರೆ. ಹೊರಗಿನಿಂದ ಯಾರಾದರೂ ಇಣುಕಿದರೆ ಗೂಡಿನಲ್ಲಿ ಎರಡು ಮರಿ ತುತ್ತಿಗೆ ಕಾದಂತೆ ಕಾಣಬೇಕು.

ವಾರ್ಡಿನಲ್ಲಿದ್ದಾಗಲೇ ಮ್ಯಾನೇಜರು ಹಣ್ಣಿನ ಬುಟ್ಟಿ ಹಿಡಿದು ಬಂದರು. ಬುಟ್ಟಿಯ ಅಡಿಯಲ್ಲಿ ಒಂದು ಕಾಗದ. ‘ನನ್ನ ಅಜಾಗರೂಕತೆಯಿಂದಲೇ ಅಪಘಾತವಾಯಿತು, ಕಂಪನಿ ದಯೆಯಿಂದ ಕೊಡುವುದನ್ನು ಪಡೆದು ತೃಪ್ತಳಾಗಿದ್ದೇನೆ’ ಎಂದು ನನ್ನ ಪರವಾಗಿ ಅವರೇ ಬರೆದು ತಂದಿದ್ದರು. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ ಅಲ್ಲವೇ? ಸಹಿಗೆ ಕೈ ಎಲ್ಲಿದೆ, ಬ್ಯಾಂಡೇಜು. ಹೆಬ್ಬೆಟ್ಟಾದರೂ ಒತ್ತಲಿ ಎಂದರು, ಅದಕ್ಕೂ ಬ್ಯಾಂಡೇಜು, ಎಡಗೈಗೆ ಗ್ಲೂಕೋಸಿನ ಸೂಜಿ. ಅಪ್ಪ ಎದ್ದು ನಿಂತು, ಬಹಳ ಮರ್ಯಾದೆಯಿಂದ, “ಕಾಲಿನ ಹೆಬ್ಬೆರಳು ಖಾಲಿ ಇದೆ ಸ್ವಾಮಿ. ಆದ್ರೆ ಅದು ಸಹಿ ಹಾಕಲ್ಲ, ಒದೆಯುತ್ತೆ” ಅಂದರು. ಮ್ಯಾನೇಜರು ಬುಟ್ಟಿಯನ್ನೂ ಬಿಟ್ಟು ಹೋದರು. ಹಣ್ಣು ಮಾತ್ರ ಒಳ್ಳೆಯದಿತ್ತು.

ಅದನ್ನು ನೋಡಿದ ನರ್ಸಮ್ಮ, ಯಾವ ಕಾಗದಕ್ಕೂ ಸಹಿ ಹಾಕಬೇಡ, ಕೋರ್ಟಿನ ಹಿಂಭಾಗದಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಇದೆ, ಸುಟ್ಟವರ ಕೇಸು ಬಲ್ಲವರು ಅಲ್ಲಿದ್ದಾರೆ ಎಂದು ಹೇಳಿದರು. ನಿನ್ನ ಭಾವ ಹೋಗಿ ಕರೆತಂದವರೇ ಈ ವಕೀಲರಮ್ಮ. ಆಳು ಗಿಡ್ಡ, ಚೀಲ ಉದ್ದ; ದೂರದಿಂದ ಚೀಲವೇ ನಡೆದು ಬರುವಂತೆ ಕಾಣುತ್ತದೆ. ನಮ್ಮಿಂದ ಚಹಾ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಎರಡನೆಯ ಭೇಟಿಯಲ್ಲೇ ನನ್ನನ್ನು ಬೈದರು. ನಡೆದಿದ್ದು ಇಷ್ಟು: ಕಂಪನಿಯ ಕಡೆಯ ಡಾಕ್ಟರು ನನ್ನನ್ನು ಪರೀಕ್ಷಿಸಲು ಬಂದರು. ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂತು, ಹೇಗಿದ್ದೀರಿ ತಾಯಿ ಎಂದು ಕೇಳಿದರು. ಕೇಳಿದವರಿಗೆ ಏನು ಹೇಳಬೇಕೆಂದು ಅಮ್ಮ ಇದ್ದಾಗ ನಮಗೆ ಕಲಿಸಿದ್ದಳೋ ಅದನ್ನೇ ಹೇಳಿದೆ. ನಿಮ್ಮ ದಯೆಯಿಂದ ಕ್ಷೇಮವಾಗಿದ್ದೇನೆ, ನೀವು ಹೇಗಿದ್ದೀರಿ ಅಂದೆ. ಅಷ್ಟಕ್ಕೇ ಬಿಡದೆ, ತೋಳು ಇಷ್ಟು ಎತ್ತುತ್ತೇನೆ ನೋಡಿ ಎಂದು ಹಲ್ಲು ಕಚ್ಚಿ ಎತ್ತಿ ತೋರಿಸಿದೆ. ಅವರು ಅದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡರು. ಈಗ ಕೋರ್ಟಿನಲ್ಲಿ, ‘ತಾನು ಕ್ಷೇಮ ಎಂದು ರೋಗಿಯೇ ತಿಳಿಸಿದ್ದಾಳೆ’ ಎಂಬ ವರದಿ ಕೂತಿದೆ. ಅಂದಿನಿಂದ ಈ ನಿಷೇಧ. ಬೀದಿಯಲ್ಲಿ ಯಾರಾದರೂ ಹೇಗಿದ್ದೀಯ ಎಂದರೆ ವಕೀಲರನ್ನು ಕೇಳಿ ಹೇಳುತ್ತೇನೆ ಎನ್ನುತ್ತೇನೆ.

ಇದಕ್ಕಿಂತ ದೊಡ್ಡ ಎಡವಟ್ಟು ಅಪ್ಪನದು. ಅಂದು ನಾನು ತೊಟ್ಟಿದ್ದ ಏಪ್ರನ್ ಇದೆಯೇ ಎಂದು ವಕೀಲರಮ್ಮ ಕೇಳಿದರು. ಪೈಪು ಸಿಡಿದಾಗ ಒಳಗಿನ ತುಕ್ಕೆಲ್ಲ ಅದರ ಮೇಲೆ ಬಿದ್ದಿತ್ತು, ಪೈಪು ಎಷ್ಟು ಕೊಳೆತಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ, ಅದೊಂದಿದ್ದರೆ ಅರ್ಧ ಕೇಸು ಗೆದ್ದಂತೆ ಎಂದರು. ಆಸ್ಪತ್ರೆಯವರು ಅದನ್ನು ಕತ್ತರಿಸಿ ತೆಗೆದು ಚೀಲದಲ್ಲಿ ಹಾಕಿ ನಿನ್ನ ಭಾವನ ಕೈಗೆ ಕೊಟ್ಟಿದ್ದರು. ಇದೆ ಇದೆ, ಜೋಪಾನವಾಗಿ ಇಟ್ಟಿದ್ದೇನೆ ಎಂದು ಅಪ್ಪ ಸಂಭ್ರಮದಿಂದ ಒಳಗೆ ಹೋಗಿ ತಂದು ಮೇಜಿನ ಮೇಲಿಟ್ಟರು. ತಮ್ಮಾ, ಜೀವಮಾನವಿಡೀ ಅದೇ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತ ಮನುಷ್ಯನ ಕೈಗೆ ಕೊಳಕು ಬಟ್ಟೆ ಸಿಕ್ಕರೆ ಏನಾಗಬೇಕೋ ಅದೇ ಆಗಿತ್ತು. ನೆನೆಸಿ, ತಿಕ್ಕಿ, ತುಕ್ಕಿನ ಒಂದು ಚುಕ್ಕಿಯೂ ಉಳಿಯದಂತೆ ಒಗೆದು, ಕತ್ತರಿಸಿದ ಕಡೆ ಕಣ್ಣಿಗೆ ಕಾಣದಂತೆ ಹೊಲಿದು, ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿ, ಚೌಕವಾಗಿ ಮಡಚಿದ್ದರು. ವಕೀಲರಮ್ಮ ಅದನ್ನು ಬಿಡಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, “ಇದು ಸಾಕ್ಷಿ ಅಲ್ಲ ಯಜಮಾನ್ರೇ, ಜಾಹೀರಾತು” ಅಂದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದು ನಾಚಿಕೊಂಡರು.

ನಾನೂ ನಿನ್ನ ಭಾವನೂ ಬಿದ್ದು ಬಿದ್ದು ನಕ್ಕೆವು. ನಗುವಾಗ ಕೆನ್ನೆ ಎಳೆದು ಪ್ರಾಣ ಹೋಗುವಂತಾಯಿತು, ಆದರೂ ನಕ್ಕೆ. ಕೊನೆಗೆ ವಿಷಯ ತಿಳಿದಾಗ ಅಪ್ಪ ಏಪ್ರನ್ನನ್ನು ಮತ್ತೆ ಮಡಚಿ ಮಡಿಲಲ್ಲಿಟ್ಟುಕೊಂಡರು. ಸಂಜೆಯ ತನಕ ಕಿಟಕಿಯ ಹತ್ತಿರ ಕೂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, “ನಿನ್ನ ಮೇಲೆ ಬಿದ್ದಿದ್ದನ್ನ ಒಗೆಯೋಕೆ ಆಗ್ಲಿಲ್ಲ ಮಗಳೇ, ಬಟ್ಟೆ ಮೇಲೆ ಬಿದ್ದಿದ್ದನ್ನಾದ್ರೂ ಒಗೆಯೋಣ ಅನ್ನಿಸ್ತು” ಅಂದರು. ಆಗ ನಾವು ಯಾರೂ ನಗಲಿಲ್ಲ.

ಈಗ ನಮ್ಮ ಸ್ಥಿತಿ ಹೀಗಿದೆ. ಲಾಂಡ್ರಿಯವರು ಹಳೆಯ ಪೈಪು ಕಿತ್ತು ಹೊಸದು ಹಾಕಿ ಬಣ್ಣ ಬಳಿದಿದ್ದಾರೆ. ತಂತಿ ಎಲ್ಲಿ ಹೋಯಿತೋ ದೇವರೇ ಬಲ್ಲ. ತಂತಿ ಇರಲೇ ಇಲ್ಲ, ಇದ್ದರೆ ಅವಳೇ ಕಟ್ಟಿರಬೇಕು ಎಂದು ಮ್ಯಾನೇಜರು ಹೇಳಿಕೆ ಕೊಟ್ಟಿದ್ದಾರೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಸರಿಯಾಗಿ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರಂತೆ. ಅವರನ್ನು ಬೈಯಲಾರೆ, ಅವರ ಮನೆಯಲ್ಲೂ ಒಲೆ ಉರಿಯಬೇಕು. ನಾನು ಹೇಳಿದರೆ ನನ್ನ ಲಾಭಕ್ಕೆ ಹೇಳಿದೆ ಎನ್ನುತ್ತಾರೆ. ಉಳಿದವನು ನೀನೊಬ್ಬನೇ. ಇದೇ ಇಪ್ಪತ್ತೊಂದು, ಗುರುವಾರ ಬೆಳಿಗ್ಗೆ ವಿಚಾರಣೆ. ನೀನು ಬಂದು ಕಟಕಟೆಯಲ್ಲಿ ನಿಂತು, ಬೇಡ ಎಂದೆ, ಕಟ್ಟು ಎಂದರು, ಕಟ್ಟಿದೆ ಎಂದು ಮೂರು ಮಾತು ಹೇಳಿದರೆ ಸಾಕು. ನಿನ್ನ ಮೇಲೆ ಕೇಸು ಹಾಕುವ ಯೋಚನೆ ನಮಗೆ ಯಾರಿಗೂ ಇಲ್ಲ, ಕಟ್ಟಿಸಿದವರೇ ಹೊಣೆ ಎನ್ನುವುದೇ ನಮ್ಮ ವಾದ, ನಿನಗೆ ಬೇರೆ ವಕೀಲರು ಬೇಕೆಂದರೆ ಅದೇ ಕಚೇರಿಯಿಂದ ಉಚಿತವಾಗಿ ಕೊಡಿಸುತ್ತೇನೆ ಎಂದು ಬರೆಯಲು ವಕೀಲರಮ್ಮ ಹೇಳಿದ್ದಾರೆ. ಬರೆದಿದ್ದೇನೆ. ನಾನು ಹೇಳುವುದು ಬೇರೆ. ತಂತಿ ಕಟ್ಟಿದ ಕೈ ನಿನ್ನದಿರಬಹುದು, ಆದರೆ ಆ ಕೈಯ ಹಿಂದೆ ಯಾರ ಬಾಯಿ ಇತ್ತು ಎನ್ನುವುದನ್ನು ನಾನು ಇಸ್ತ್ರಿ ಮೇಜಿನ ಮುಂದೆ ನಿಂತು ಕಿವಿಯಾರೆ ಕೇಳಿದ್ದೇನೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಂದು ದಿನವೂ ಇರಲಿಲ್ಲ. ಹೇಳದೆ ಹೋಗಿದ್ದಕ್ಕೆ ಮಾತ್ರ ಇದೆ, ಅದನ್ನು ಮುಖಾಮುಖಿ ತೀರಿಸಿಕೊಳ್ಳುತ್ತೇನೆ.

ಮುಖಾಮುಖಿ ಅಂದೆ, ಮುಖದ ವಿಷಯವನ್ನೂ ಹೇಳಿಬಿಡುತ್ತೇನೆ. ಗಾಯದ ಗುರುತು ಉಬ್ಬದಿರಲಿ ಎಂದು ಬಿಗಿಯಾದ ಬಟ್ಟೆಯ ಮುಖವಾಡ ಕೊಟ್ಟಿದ್ದಾರೆ, ಕಣ್ಣು ಮೂಗು ಬಾಯಿಗೆ ಮಾತ್ರ ಕಿಂಡಿ. ಹೊಲಿಗೆ ಅಷ್ಟಕ್ಕಷ್ಟೇ, ಅಪ್ಪನಿಗೆ ಸಮಾಧಾನವಿಲ್ಲ. ಅದನ್ನು ಹಾಕಿಕೊಂಡು ಮೊದಲ ಸಲ ಅಂಚೆ ಕಚೇರಿಗೆ ಹೋದಾಗ ನನ್ನ ಮುಂದಿದ್ದ ಸಾಲೆಲ್ಲ ಕರಗಿ ಹೋಯಿತು. ಗುಮಾಸ್ತ ಎರಡೂ ಕೈ ಮೇಲೆತ್ತಿ ನಿಂತ. ಎರಡು ಸ್ಟಾಂಪು ಕೊಡಿ ಎಂದರೆ ಇಡೀ ಹಾಳೆಯನ್ನೇ ಮುಂದೆ ತಳ್ಳಿದ. ಇಂಥ ಮರ್ಯಾದೆ ಹಳೆಯ ಮುಖಕ್ಕೆ ಎಂದೂ ಸಿಕ್ಕಿರಲಿಲ್ಲ. ಮುಖವಾಡ ತೆಗೆದು ಮೊದಲ ಸಲ ಕನ್ನಡಿ ನೋಡಿದ ದಿನ ಮಾತ್ರ ಬಹಳ ಅತ್ತೆ. ಈಗ ಬೆಳಿಗ್ಗೆ ಒಂದು ಸಲ ನೋಡುತ್ತೇನೆ, ಎಡಗಡೆ ನಾನು, ಬಲಗಡೆ ಇನ್ನೂ ಪರಿಚಯವಾಗುತ್ತಿರುವ ಒಬ್ಬಳು. ನೀನು ನೋಡಲು ಹೆದರುವಷ್ಟೇನೂ ಇಲ್ಲ. ಇದ್ದರೂ ಅದು ನಿನ್ನ ಅಕ್ಕನ ಮುಖವೇ, ನೋಡಿ ಅಭ್ಯಾಸ ಮಾಡಿಕೊಳ್ಳಬೇಕು.

ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಬರುವಾಗ ಕೊಳೆಯಾದ ಬಟ್ಟೆಯನ್ನೆಲ್ಲ ತರಬೇಕಂತೆ, ಅಲ್ಲಿಯವರ ಕೈಗೆ ಕೊಟ್ಟು ಹಾಳು ಮಾಡಿಸಬಾರದಂತೆ. ನಿನ್ನ ಭಾವ ನಿನ್ನನ್ನು ನೆನೆಸಿಕೊಂಡಿದ್ದಾರೆ. ಕೆಮ್ಮಿಗೆ ಬಿಸಿನೀರು ಕುಡಿ. ಎಲ್ಲಿದ್ದರೂ ಚೆನ್ನಾಗಿರು, ನನ್ನ ಆಯುಸ್ಸಿನಲ್ಲಿ ಒಂದು ಪಾಲು ನಿನಗಿರಲಿ.

ಇತಿ ನಿನ್ನ,
ಅಕ್ಕ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು, ನಿನ್ನ ಭಾವನ ಬೆನ್ನಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಬೇಗ ಬೇಗ ಅನ್ನುತ್ತಿದ್ದಾರೆ. ಮೇಲಿನದನ್ನೆಲ್ಲ ವಕೀಲರಮ್ಮ ಓದಿದ್ದಾರೆ, ಇದನ್ನು ಓದಿಲ್ಲ. ಗುರುವಾರ ಬಂದರೆ ಗೆಲ್ಲುತ್ತೇವೆ. ಆ ಕಟಕಟೆ ಹತ್ತುವ ಧೈರ್ಯ ಬಾರದೆ ಹೋದರೆ ಶುಕ್ರವಾರ ಬಾ. ಆಗ ಬಹುಶಃ ಸೋತಿರುತ್ತೇವೆ, ಆದರೂ ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ, ಅಪ್ಪನಿಗೂ ಹೇಳಿಟ್ಟಿದ್ದೇನೆ. ಗುರುವಾರ ನನಗೆ ಸಾಕ್ಷಿ ಬೇಕು, ಶುಕ್ರವಾರ ತಮ್ಮ ಸಾಕು. ಎರಡೂ ದಿನ ನೀನು ಬಾರದೆ ಹೋದರೆ ಮಾತ್ರ ನಾನು ಕ್ಷಮಿಸುವುದಿಲ್ಲ.