ಜನವರಿಯ ನೀರಿಗೆ ಜುಲೈ ತಿಂಗಳ ಸರ್ಟಿಫಿಕೇಟು

ಹಳ್ಳದ ನೀರು ಪರೀಕ್ಷಿಸಿ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಈ ಬಹಿರಂಗ ಪತ್ರದ ಮೊದಲ ಕರಡಿನಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆ. ಅದಿಲ್ಲದೆ ಓದಿದರೆ ತಪ್ಪೆಲ್ಲ ನಿಮ್ಮದೇ ಅನ್ನಿಸುತ್ತಿತ್ತು. ನನಗೂ ಓದಲು ಹಿತವಾಗಿತ್ತು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಹೋದ ವರ್ಷ ಡಿಸೆಂಬರಿನಲ್ಲಿ ನಿಮ್ಮ ಕಚೇರಿಯಿಂದ ನನಗೆ ಫೋನ್ ಬಂತು. ನಮ್ಮ ತೋಟದ ಕೆಳಗಿನ ಕಾಲೊನಿಯ ಹನ್ನೊಂದು ಮನೆಯವರು ಹಳ್ಳದ ನೀರು ಕೆಟ್ಟಿದೆಯೆಂದು ದೂರು ಕೊಟ್ಟಿದ್ದಾರೆ, ಮಾದರಿ ತೆಗೆಯಲು ಯಾವಾಗ ಬಂದರೆ ಅನುಕೂಲ ಎಂದು ಕೇಳಿದರು. ಈಗ ಕೊಯ್ಲು, ಪುರುಸೊತ್ತಿಲ್ಲ, ಜುಲೈನಲ್ಲಿ ಬನ್ನಿ ಎಂದೆ. ನೀವು ಜುಲೈನಲ್ಲಿ ಬಂದಿರಿ.

ಕಾಫಿ ಸೀಮೆಯ ಹೊರಗಿನವರಿಗೆ ಇದರ ಅರ್ಥ ಹೇಳಬೇಕು. ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಪಲ್ಪಿಂಗ್ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ತೊಳೆದ ನೀರು ಗುಂಡಿಯಲ್ಲೇ ನಿಲ್ಲಬೇಕು. ಗುಂಡಿ ತುಂಬಿದರೆ ಹಳ್ಳಕ್ಕೆ ಇಳಿಯುತ್ತದೆ. ನಮ್ಮ ಗುಂಡಿ ತುಂಬುತ್ತದೆ. ನಮ್ಮ ಮೇಲಿನ ಎರಡು ತೋಟಗಳದ್ದೂ ತುಂಬುತ್ತದೆ. ಆಗ ಹಳ್ಳ ಕಪ್ಪಾಗಿ, ಹುಳಿವಾಸನೆ ಹೊಡೆಯುತ್ತದೆ. ಜುಲೈನಲ್ಲಿ ಪಲ್ಪರ್ ಯಂತ್ರ ಗೋಣಿ ಹೊದ್ದು ಮಲಗಿರುತ್ತದೆ, ಹಳ್ಳದಲ್ಲಿ ಮಳೆಯ ನೀರು ಬಿಟ್ಟರೆ ಬೇರೇನಿಲ್ಲ. ನನಗಿದು ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲವಾದರೆ ಆ ಕುರ್ಚಿಯಲ್ಲಿ ಏಕಿದ್ದೀರಿ? ಗೊತ್ತಿತ್ತು ಎಂದರೆ, ದೂರಿನಲ್ಲಿ ಹೆಸರಿರುವವಳಿಗೇ ಫೋನ್ ಮಾಡಿ ದಿನ ಕೇಳುವ ಸೌಜನ್ಯ ಯಾರ ಮೇಲಿನದು?

ಆ ದಿನ ನಿಮಗೆ ನೆನಪಿರಬಹುದು. ನಿಮ್ಮ ಸಹಾಯಕರು ಬಾಟಲಿ ತುಂಬಿಸುವಾಗ ಕಾಲೊನಿಯ ಅಂಜನಮ್ಮ ಸೆರಗಿನ ಮರೆಯಿಂದ ಇನ್ನೊಂದು ಬಾಟಲಿ ತೆಗೆದರು. ಅವರು ನಮ್ಮ ತೋಟದಲ್ಲಿ ಇಪ್ಪತ್ತಾರು ವರ್ಷ ಹಣ್ಣು ಕೊಯ್ದವರು.

"ಇದ್ನೂ ತಗೊಂಡೋಗಿ ಸಾರ್. ಜನವರೀಲಿ ಹಿಡಿದಿಟ್ಟಿದ್ದು."

"ಸೀಲ್ ಇಲ್ಲ, ಏನಿಲ್ಲ. ಹಳೇ ನೀರಮ್ಮ ಅದು," ಎಂದಿರಿ ನೀವು.

"ನಿಮ್ಗೆ ಹಳೇದು. ಬರೋ ಜನವರೀಲಿ ನಮ್ಗೆ ಇದೇ ಹೊಸ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಜನಮ್ಮ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಅಮ್ಮಾ, ಸುಳ್ಳಾ ಇದು?" ಎಂದರು. ಮಳೆ ಜೋರಾಯಿತು, ಕಾಫಿ ಕುಡಿದು ಹೋಗಿ ಎಂದು ನಾನು ನಿಮ್ಮನ್ನು ಕರೆದೆ. ಕಾಫಿ ಚೆನ್ನಾಗಿದೆ ಎಂದಿರಿ. ಬೀಜ ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಮಾದರಿ ತೆಗೆದ ಕಾಗದದ ಮೇಲೆ ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ.

ಅಕ್ಟೋಬರಿನಲ್ಲಿ, ನಲ್ಲಿ ನೀರಿಗಾಗಿ ಕಾಲೊನಿಯವರು ಹಾಕಿದ್ದ ಪೈಪ್‌ಲೈನ್ ಅರ್ಜಿ ವಾಪಸ್ ಬಂತು. 'ಹಳ್ಳದ ನೀರು ಬಳಕೆಗೆ ಯೋಗ್ಯವೆಂದು ವರದಿಯಾಗಿರುವುದರಿಂದ ಬದಲಿ ವ್ಯವಸ್ಥೆಯ ಅಗತ್ಯ ಕಂಡುಬರುವುದಿಲ್ಲ.' ಒಂದು ಬಾಟಲಿ ಮಳೆನೀರು ಹನ್ನೊಂದು ಮನೆಗಳ ನಲ್ಲಿಯನ್ನು ನುಂಗಿತು.

ಇದಕ್ಕೆಲ್ಲ ಮೊದಲು, ಈ ವರ್ಷದ ಮಾರ್ಚಿನಲ್ಲಿ, ವಿಶ್ವ ಜಲದಿನದಂದು, ಮೂಡಿಗೆರೆಯಲ್ಲಿ ನಿಮ್ಮ ಭಾಷಣ ಕೇಳಿದ್ದೆ. ಭೂಮಿಯ ನೀರಿನಲ್ಲಿ ಸಿಹಿನೀರು ನೂರಕ್ಕೆ ಮೂರು ಪಾಲೂ ಇಲ್ಲ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದಿರಿ. ಹಿಂದಿನ ಸಾಲಿನಲ್ಲಿದ್ದ ಅಂಜನಮ್ಮ ಪಕ್ಕದವಳಿಗೆ, "ಮೊದ್ಲು ಒಂದು ನಲ್ಲಿ ಕೊಡ್ಲಿ ಮಾರಾಯ್ತಿ, ಆಮೇಲೆ ಬೇಕಾದ್ರೆ ದಿನಾ ನಿಲ್ಸಣ," ಎಂದದ್ದು ವೇದಿಕೆಗೆ ಕೇಳಿಸಿರಲಾರದು. ಜಗತ್ತಿನ ಲೆಕ್ಕ ಸರಿಯೇ ಇರಬಹುದು. ಆದರೆ ಆ ಮೂರು ಪಾಲಿನಲ್ಲಿ ನಮ್ಮ ಹಳ್ಳವೂ ಇದೆ. ಅದು ಹೇಮಾವತಿಗೆ ಸೇರುತ್ತದೆ. ಕೆಳಗಿನ ಊರುಗಳಲ್ಲಿ ಕುಡಿಯುವವರು ನಮ್ಮನ್ನು ಕೇಳಿ ಕುಡಿಯುವುದಿಲ್ಲ.

ಈ ವರ್ಷ ಮತ್ತೆ ಪಲ್ಪಿಂಗ್ ಶುರುವಾಗಿದೆ. ಹೋದ ವಾರ ಅಂಜನಮ್ಮನವರ ಸೊಸೆ ಯಶೋದಾಳ ಎಂಟು ತಿಂಗಳ ಮಗು ವಾಂತಿಭೇದಿಯಿಂದ ಸೊರಗಿ ಮೂರು ದಿನ ಆಸ್ಪತ್ರೆಯಲ್ಲಿತ್ತು. ಈಗ ಮನೆಗೆ ಬಂದಿದೆ. ಹಳ್ಳದ ನೀರಿನಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಅದರಿಂದಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಮಗುವಿಗೆ ಕುಡಿಸಬೇಕಾದ ನೀರು ಈಗಲೂ ಅದೇ ಹಳ್ಳದಿಂದ ಬರಬೇಕು.

ಮೊದಲು ನಿನ್ನ ಪಲ್ಪರ್ ನಿಲ್ಲಿಸು ಎಂದು ಓದುಗರು ಹೇಳಿದರೆ, ಅದು ನ್ಯಾಯ. ಮಗು ಆಸ್ಪತ್ರೆ ಸೇರಿದ ದಿನ ನಿಲ್ಲಿಸಿದ್ದೇನೆ. ಉಳಿದ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸುತ್ತಿದ್ದೇವೆ. ನಮ್ಮ ಬಾವಿಯ ನೀರನ್ನು ಪಿಕಪ್‌ನಲ್ಲಿ ಕಾಲೊನಿಗೆ ಕಳಿಸುತ್ತಿದ್ದೇನೆ, ಹನ್ನೊಂದು ಮನೆಗೆ ಎರಡು ಡ್ರಮ್ಮು. ಸಾಲುವುದಿಲ್ಲ, ಉಳಿದದ್ದು ಹಳ್ಳದಿಂದಲೇ. ಮೇಲಿನ ತೋಟದವರು ನನ್ನ ಮಾತಿಗೆ ನಿಲ್ಲಿಸುವವರಲ್ಲ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಈ ಪತ್ರ ನೋಡಿ, "ಮೇಡಂ, ಇನ್ಮುಂದೆ ಯಾರೂ ನಿಮ್ಮನ್ನ ಮದುವೆಗೂ ಕರೆಯಲ್ಲ," ಎಂದರು. ತಮಾಷೆಗೆ ಹೇಳಿದರೋ ಇಲ್ಲವೋ ತಿಳಿಯಲಿಲ್ಲ.

ನನ್ನ ಬೇಡಿಕೆ ಇಷ್ಟು. ಜುಲೈ ವರದಿಯನ್ನು ರದ್ದುಮಾಡಿ. ಈ ತಿಂಗಳೇ, ಯಾರಿಗೂ ಫೋನ್ ಮಾಡದೆ ಬನ್ನಿ. ಕಾಲೊನಿಯ ಹೆಂಗಸರು ಕೊಡ ತುಂಬಿಸುವ ಜಾಗದಲ್ಲೇ ನೀರು ತೆಗೆಯಿರಿ. ಸಾಕ್ಷಿಯಾಗಿ ಅಂಜನಮ್ಮ ಸಹಿ ಹಾಕಲಿ. ಪೈಪ್‌ಲೈನ್ ಬರುವವರೆಗೆ ಟ್ಯಾಂಕರ್ ಕಳಿಸಿ. ನೋಟಿಸು ಕೊಡುವುದಾದರೆ ಮೊದಲನೆಯದು ನನ್ನ ಹೆಸರಿಗಿರಲಿ.

ಇಂಗ್ಲಿಷಿನಲ್ಲಿ ಬರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಕನ್ನಡದಲ್ಲಿ ಬರೆದದ್ದು ನಿಮಗಿಂತ ಮೊದಲು ಇದನ್ನು ಕೇಳಿಸಿಕೊಳ್ಳಬೇಕಾದವರು ಒಬ್ಬರಿದ್ದಾರೆ ಎಂದು. ಭಾನುವಾರ ಅಂಜನಮ್ಮನವರ ಮನೆಗೆ ಹೋಗಿ ಓದುತ್ತೇನೆ. ಆ ಡಿಸೆಂಬರಿನ ಫೋನಿನ ವಿಷಯ ಅವರಿಗಿನ್ನೂ ಗೊತ್ತಿಲ್ಲ.

ಇಂತಿ,
ಜುಲೈನಲ್ಲಿ ಬನ್ನಿ ಎಂದವಳು,
ಕುಸುಮಾ
ಕಾಫಿ ಬೆಳೆಗಾರ್ತಿ, ಬಣಕಲ್ ಹತ್ತಿರ

ಅಂಚೆಗೆ ಹಾಕುವ ದಿನ: ಡಿಸೆಂಬರ್ ೧೫, ಸೋಮವಾರ